ಮೂಗು ಹೆಬ್ಬೆರಳಿನ ಮೇಲೆ

ಕಟಕ್ — ಇದು ನಾಲ್ಕನೆಯದು, ಅಂದರೆ ಮಂಚದ ನಾಲ್ಕು ಗಾಲಿಗಳಿಗೂ ಬ್ರೇಕು ಬಿತ್ತು, ಆದರೂ ಕಾಲಿನಿಂದ ಇನ್ನೊಮ್ಮೆ ಒತ್ತುತ್ತೇನೆ, ಸೊಂಟದಿಂದ ತಳ್ಳಿ ನೋಡುತ್ತೇನೆ, ಅಲುಗುವುದಿಲ್ಲ, ನೆಲ ಒಣಗಿದೆ, ಒರೆಸುವವಳು ಏಳಕ್ಕೇ ಒರೆಸಿ ಹೋಗಿದ್ದಾಳೆ, ಬಕೆಟ್ಟು ಇಟ್ಟಿದ್ದಲ್ಲಿ ಬಳೆಯಷ್ಟು ತೇವ ಉಳಿದಿದೆ, ಅದನ್ನು ಬಟ್ಟೆಯಿಂದ ಒತ್ತಿ ತೆಗೆಯುತ್ತೇನೆ, ಬಳೆಯಷ್ಟು ತೇವ ಸಾಕು ಒಬ್ಬ ಮನುಷ್ಯನನ್ನು ಕೆಡವಲು, ಏನು ತಾಯಿ, ಮಂಚ ಓಡಿಹೋಗುತ್ತೆ ಅಂತ ಭಯಾನಾ, ಓಡೋದಾದ್ರೆ ಓಡ್ಲಿ ಬಿಡು, ನನ್ನನ್ನೂ ಕೂರಿಸ್ಕೊಂಡು ಹೋಗುತ್ತೆ — ಕಂಬಣ್ಣನ ಬಾಯಿ, ಲಕ್ವ ಹೊಡೆದು ಎಡಗಡೆಯ ಕೈಕಾಲು ಬಿದ್ದುಹೋದರೂ ಬಾಯಿ ಮಾತ್ರ ಬೀಳಲಿಲ್ಲ, ದೇವರು ಒಂದನ್ನು ಬಿಟ್ಟಿದ್ದಾನೆ, ಬಿಟ್ಟಿದ್ದಕ್ಕೆ ಕಾರಣವೂ ಇದ್ದೀತು. ಮಂಚದ ಅಂಚಿನಲ್ಲಿ ಕೂತಿದ್ದಾನೆ, ತಲೆಗೆ ಟವಲು ಸುತ್ತಿಕೊಂಡು, ಕೂತಲ್ಲೇ ನನ್ನ ಹೆಗಲಿನಷ್ಟು ಎತ್ತರ, ಗೋದಾಮಿನವರೆಲ್ಲ ಅವನನ್ನು ಕಂಬ ಅಂತಲೇ ಕರೆಯುತ್ತಿದ್ದರಂತೆ, ನಲವತ್ತು ವರ್ಷ ತಲೆಯ ಮೇಲೆ ಮೂಟೆ ಹೊತ್ತವನು, ಕ್ವಿಂಟಲ್ ಚೀಲ ಹೊತ್ತು ಲಾರಿಗೆ ಒರಗಿಸಿದ ಏಣಿಹಲಗೆಯ ಮೇಲೆ ನಡೆದವನು, ಅವನಿಗೆ ಈಗ ನಾನು, ಈ ವಾರ್ಡಿನ ಆಯಾ, ನಲವತ್ತೇಳು ಕಿಲೋ ಇರುವವಳು, ಏಳುವುದನ್ನು ಹೇಳಿಕೊಡಬೇಕು. ಈಗ ಹತ್ತೂಕಾಲು. ಹನ್ನೊಂದಕ್ಕೆ ಫಿಸಿಯೋ ಮೇಡಂ ಬರುತ್ತಾರೆ, ನಿನ್ನೆ ಅವರು ಅವನ ಮಗಳಿಗೆ ನೇರವಾಗಿ ಹೇಳಿಬಿಟ್ಟರು, ನೋಡಮ್ಮಾ, ನಾಳೆ ನೀನೊಬ್ಬಳೇ ಇವರನ್ನ ಎಬ್ಬಿಸಿ ಆರು ಹೆಜ್ಜೆ ನಡೆಸಿದ್ರೆ ಮನೆಗೆ ಕರ್ಕೊಂಡು ಹೋಗು, ಆಗ್ಲಿಲ್ಲ ಅಂದ್ರೆ ಹೊಳೆಯಾಚೆ ಆರೈಕೆ ಮನೆಗೆ ಬರೆದುಕೊಡ್ತೀನಿ, ಈ ಮಂಚಕ್ಕೆ ಇನ್ನೊಬ್ಬರು ಕಾಯ್ತಿದ್ದಾರೆ, ನನ್ನ ಕೈಲೂ ಏನಿಲ್ಲ. ಆರು ಹೆಜ್ಜೆ ಯಾಕೆಂದರೆ ಅವಳ ಮನೆಯಲ್ಲಿ ಹಾಸಿಗೆಯಿಂದ ಬಚ್ಚಲಿಗೆ ಆರು ಹೆಜ್ಜೆ, ಅವಳೇ ಅಳೆದುಕೊಂಡು ಬಂದಿದ್ದಾಳೆ, ಅಪ್ಪನ ಹೆಜ್ಜೆಯಲ್ಲಿ ನಾಲ್ಕು ಅಕ್ಕಾ, ಆದ್ರೆ ಈಗಿನ ಹೆಜ್ಜೆಯಲ್ಲಿ ಆರು ಅಂತ ಇಟ್ಕೊಳ್ಳಿ, ಅಂದಳು.

ಹೊಳೆಯಾಚೆಯ ಮನೆ ನನಗೆ ಗೊತ್ತಿಲ್ಲದ್ದೇ, ಮೂರು ವರ್ಷ ಅಲ್ಲಿ ಕೆಲಸ ಮಾಡಿದವಳು ನಾನು, ನಲವತ್ತು ಮಂಚಕ್ಕೆ ಇಬ್ಬರೇ ಆಯಾಗಳು, ಹೊಟ್ಟೆಗೆ ಹಾಕುತ್ತಾರೆ, ಒರೆಸುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಕೆಟ್ಟವರಲ್ಲ, ಪಾಪ ಯಾರೂ ಕೆಟ್ಟವರಲ್ಲ, ಆದರೆ ಎಬ್ಬಿಸುವುದಕ್ಕೆ ಹೊತ್ತು ಎಲ್ಲಿಂದ ತರಬೇಕು, ಮೂರು ವರ್ಷದಲ್ಲಿ ಅಲ್ಲಿ ಮಲಗಿದವರು ಎದ್ದು ನಿಂತಿದ್ದನ್ನು ನಾನು ನೋಡಲಿಲ್ಲ, ಚಪ್ಪಲಿಗಳು ಮಂಚದ ಕೆಳಗೆ ಜೋಡಿಯಾಗಿ ಹೊಸದಾಗಿಯೇ ಇರುತ್ತಿದ್ದವು, ಅದಕ್ಕೇ ಬಿಟ್ಟು ಬಂದೆ, ಇಲ್ಲಿ ಬಂದ ಮೊದಲ ವಾರ ಒಬ್ಬ ಮುದುಕಿ ನನ್ನ ಕಣ್ಣೆದುರು ಮಂಚದಿಂದ ಎದ್ದು ನಿಂತಾಗ ನನಗೆ ಕೈ ಮುಗಿಯುವ ಹಾಗಾಗಿತ್ತು, ಎಷ್ಟು ಸಣ್ಣ ಮಾತು ಕೂತವರು ಏಳುವುದು, ದಿನಕ್ಕೆ ನೂರು ಸಲ ಏಳುತ್ತೇವೆ, ಒಮ್ಮೆಯೂ ಎದ್ದೆವು ಅಂತ ಅನ್ನಿಸುವುದಿಲ್ಲ — ಅಕ್ಕಾ, ಬೆಲ್ಟ್ ಇಷ್ಟು ಬಿಗಿ ಸಾಕಾ, ಮಗಳು ಕೇಳುತ್ತಿದ್ದಾಳೆ, ಅಪ್ಪನ ಸೊಂಟದ ಸುತ್ತ ಅಗಲದ ಬೆಲ್ಟು ಕಟ್ಟಿ ಹಿಂದಿನ ಹಿಡಿಯನ್ನು ಎಳೆದು ನೋಡುತ್ತಿದ್ದಾಳೆ, ಮತ್ತೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದಾಳೆ, ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೈ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು, ನನ್ನ ನಾಲ್ಕು ಬೆರಳು ಒಳಗೆ ಹೋಗಬೇಕು, ಹೋದವು, ಸಾಕಮ್ಮಾ, ಸರಿಯಾಗಿದೆ. ಅವಳ ಈ ಹೆದರಿಕೆ ಸೋಮವಾರದ್ದು. ಸೋಮವಾರ ನಾನು ಒಂದು ಎರಡು ಮೂರು ಅಂದೆ, ಕಂಬಣ್ಣ ಮೂರಕ್ಕೆ ಕಾಯಲಿಲ್ಲ, ಎರಡಕ್ಕೇ ಉಸಿರು ಕಟ್ಟಿ, ಗದ್ದ ಮೇಲೆತ್ತಿ, ಬೆನ್ನು ಸೆಟೆದು, ಮೂಟೆ ಎತ್ತುವವನ ಹಾಗೆ ಒಂದೇ ಜಗ್ಗಿಗೆ ಎದ್ದ, ಎದ್ದೇಬಿಟ್ಟ, ಆದರೆ ಭಾರವೆಲ್ಲ ಹಿಮ್ಮಡಿಗೆ ಹೋಯಿತು, ಎಡ ಮಂಡಿ ಬಟ್ಟೆಯ ಹಾಗೆ ಮಡಚಿಕೊಂಡಿತು, ಬೀಳುವವರನ್ನು ಎತ್ತಿ ಹಿಡಿಯಬಾರದು, ಹಿಡಿದರೆ ಇಬ್ಬರೂ ಬೀಳುತ್ತಾರೆ, ಒಂದು ಕಾಲು ಹಿಂದಿಟ್ಟು ಮೈಗೆ ಒರಗಿಸಿಕೊಂಡು ತೊಡೆಯ ಮೇಲಿಂದ ನೆಲಕ್ಕೆ ಜಾರಿಸಬೇಕು, ಜಾರಿಸಿದೆ, ತಲೆಗೆ ಪೆಟ್ಟಾಗಲಿಲ್ಲ, ಮೂಳೆ ಮುರಿಯಲಿಲ್ಲ, ಆದರೆ ಅಷ್ಟು ದೊಡ್ಡ ಅಪ್ಪ ನೆಲದ ಮೇಲೆ ಕಾಲು ಚಾಚಿ ಕೂತಿದ್ದನ್ನು ಅವಳು ನೋಡಿದಳು, ಅಪ್ಪಾ ಅಂತ ಒಂದು ಕೂಗು, ಆಮೇಲೆ ಗೋಡೆಗೆ ಒರಗಿ, ನನ್ನ ಕೈಲಿ ಆಗಲ್ಲ ಅಕ್ಕಾ, ನೀವಿದ್ದೂ ಹೀಗಾದ್ರೆ ನನ್ನ ಕೈಲಿ ಹೇಗೆ, ತಾಯಿಯಿಲ್ಲದ ಮನೆ, ಹಿಡಿಯೋಕೆ ಇನ್ನೊಬ್ಬರಿಲ್ಲ, ಬಿದ್ರೆ ಅಪ್ಪನ್ನ ನಾನೇ ಕೊಂದ ಹಾಗೆ. ಕಂಬಣ್ಣ ನೆಲದಿಂದಲೇ ಹೇಳಿದ, ಅಳಬೇಡ ಮಗಳೇ, ನೆಲ ಗಟ್ಟಿ ಇದೆಯಾ ಅಂತ ನೋಡಿದೆ ಅಷ್ಟೇ. ನಗು ಬರಲಿಲ್ಲ ಯಾರಿಗೂ, ಅವನಿಗೂ.

ಮೂಗು, ಅಣ್ಣಾ, ಮೂಗು ಮುಂದಕ್ಕೆ, ಹದಿನೈದು ದಿನದಿಂದ ನಾನು ಇದೊಂದೇ ಮಂತ್ರ ಹೇಳುತ್ತಿದ್ದೇನೆ, ಏಳೋ ಮೊದಲು ಮುಂದಕ್ಕೆ ಬಾಗ್ಬೇಕು, ಮೂಗು ಹೆಬ್ಬೆರಳಿನ ನೇರಕ್ಕೆ ಬರ್ಬೇಕು, ಆಗ ಹಿಂಬದಿ ತಾನೇ ಹಗುರ ಆಗುತ್ತೆ, ಮೂಗಿರೋದು ಮುಖದ ಮೇಲೆ ತಾಯಿ, ಹೆಬ್ಬೆರಳಿನ ಮೇಲಲ್ಲ, ಅನ್ನುತ್ತಾನೆ, ಆಮೇಲೆ ಪ್ರಯತ್ನವನ್ನೂ ಮಾಡುತ್ತಾನೆ, ಸೊಂಟ ಬಾಗುತ್ತದೆ, ಬೆನ್ನು ಬಾಗುತ್ತದೆ, ಕುತ್ತಿಗೆ ಮಾತ್ರ ಬಾಗುವುದಿಲ್ಲ, ತಲೆ ಹಾಗೇ ನೆಟ್ಟಗೆ, ಕಣ್ಣು ದೂರದಲ್ಲಿ, ನೀರು ತುಂಬಿದ ಕೊಡ ತಲೆ ಮೇಲಿದ್ದ ಹಾಗೆ, ಅದಕ್ಕೇ ಮತ್ತೆ ಹಿಂದಕ್ಕೆ, ಮತ್ತೆ ಧೊಪ್ಪೆಂದು ಹಾಸಿಗೆಯ ಮೇಲೆ. ಮೇಡಂ ಹಾಳೆಯಲ್ಲಿ ಸಹಕರಿಸುವುದಿಲ್ಲ ಅಂತ ಬರೆದರು, ನಾನು ಹಟ ಅಂದುಕೊಂಡೆ, ಗಂಡಸಿನ ಹಟ, ತಲೆ ತಗ್ಗಿಸಲಾರೆ ಅನ್ನುವ ಹಟ, ಒಳಗೊಳಗೇ ಸಿಟ್ಟೂ ಮಾಡಿಕೊಂಡಿದ್ದೆ, ನಮ್ಮಜ್ಜಿ ಇದ್ದಿದ್ದರೆ ಬೈಯುತ್ತಿದ್ದಳು, ಕೇಳಿಸ್ಕೊಳ್ದೆ ಸಿಟ್ಟಾಗ್ತೀಯಲ್ಲೇ, ಮೊದಲು ಕಿವಿ ಕೊಡು, ಅರ್ಥ ಆಮೇಲೆ ಬರ್ತದೆ. ಬೆಳಕು ಹರಿಯುವ ಮುಂಚೆ ಅಜ್ಜಿ ಪದ್ಯ ಹೇಳುತ್ತಿದ್ದಳು, ನಾನು ಕಂಬಳಿಯೊಳಗೆ ಕಣ್ಣು ಮುಚ್ಚಿ ಕೇಳುತ್ತಿದ್ದೆ, ಒಂದು ಮಾತೂ ತಿಳಿಯುತ್ತಿರಲಿಲ್ಲ, ಆದರೆ ಸಾಲು ಏರುವ ಮುನ್ನ ಅವಳ ದನಿ ಒಂದಿಷ್ಟು ತಗ್ಗುವುದು ತಿಳಿಯುತ್ತಿತ್ತು, ತಗ್ಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ, ಆ ಏನೂ ಇಲ್ಲದ್ದರಲ್ಲಿ ನನ್ನ ಎದೆ ನಿಂತೇಹೋಗುತ್ತಿತ್ತು, ಆಮೇಲೆ ಪದ್ಯ ತಾನೇ ಎದ್ದು ಬರುತ್ತಿತ್ತು, ಅಜ್ಜಿ ಎತ್ತುತ್ತಿರಲಿಲ್ಲ, ಅದೇ ಬರುತ್ತಿತ್ತು. ನನಗೆ ಹೆಚ್ಚು ಮಾತು ಬಾರದು, ವಾರ್ಡಿನಲ್ಲಿ ಎಲ್ಲರೂ ಅಂತಾರೆ, ಇವಳ ಬಾಯಲ್ಲಿ ಮುತ್ತಿದೆ, ಬಿಟ್ಟರೆ ಉದುರುತ್ತೆ ಅಂತ, ಮುತ್ತೂ ಇಲ್ಲ ಹವಳವೂ ಇಲ್ಲ, ಕಿವಿ ಇದೆ, ಕೇಳಿ ಕೇಳಿ ಬೆಳೆದ ಕಿವಿ, ಮಂಡಿ ಸೋಲುವ ಮುನ್ನ ಉಸಿರು ಸೋಲುವುದು ಈ ಕಿವಿಗೆ ಕೇಳುತ್ತದೆ, ಆದರೆ ಕಂಬಣ್ಣನ ಕುತ್ತಿಗೆ ಏನು ಹೇಳುತ್ತಿದೆ ಅನ್ನುವುದು ಹದಿನೈದು ದಿನವಾದರೂ ಕೇಳಲಿಲ್ಲ, ನಾನೇ ಹೇಳುತ್ತಿದ್ದೆನಲ್ಲ, ಮೂಗು ಮೂಗು ಅಂತ, ಹೇಳುವವಳಿಗೆ ಕೇಳುವುದು ಹೇಗೆ.

ಚಪ್ಪಲಿ, ರಬ್ಬರಿನದು, ಹಿಂದೆ ಪಟ್ಟಿಯಿರುವಂಥದ್ದು, ಎಡಪಾದಕ್ಕೆ ನಾನು ಹಾಕಿದೆ, ಬಲಪಾದಕ್ಕೆ ನೀವೇ ಹಾಕ್ಕೊಳ್ಳಿ ಅಣ್ಣಾ ಅಂದೆ, ಅವನ ಬಲಪಾದ ನೆಲದ ಮೇಲೆ ಕುರುಡನ ಕೈಯ ಹಾಗೆ ತಡಕಾಡುತ್ತಿದೆ, ಚಪ್ಪಲಿ ಗೇಣು ದೂರದಲ್ಲಿದೆ, ಕೆಳಗೆ ನೋಡಿದರೆ ಕಾಣುತ್ತದೆ, ನೋಡುವುದಿಲ್ಲ, ಅಪ್ಪ ಯಾವಾಗ್ಲೂ ಹಾಗೇ ಅಕ್ಕಾ, ಮಗಳು ಅಂದಳು, ನಗುತ್ತ ಅಂದಳು, ಸೋಮವಾರದಿಂದ ಇವತ್ತೇ ಅವಳು ನಕ್ಕಿದ್ದು, ಕೆಳಗೆ ನೋಡಿ ಚಪ್ಪಲಿ ಹಾಕ್ಕೊಂಡಿದ್ದೇ ಇಲ್ಲ, ಕಾಲಲ್ಲೇ ಹುಡುಕ್ತಾನೆ, ನಮ್ಮನೆ ಬಾಗಿಲು ಗಿಡ್ಡ, ಎಲ್ರೂ ತಲೆ ತಗ್ಗಿಸಿ ಬರ್ತಾರೆ, ಅಪ್ಪ ಮಾತ್ರ ಮಂಡಿ ಬಗ್ಗಿಸಿ ತಲೆ ನೆಟ್ಟಗಿಟ್ಕೊಂಡು ಒಳಗೆ ಬರ್ತಾನೆ, ಚಿಕ್ಕವಳಿದ್ದಾಗ ನಾನು ಹಾಗೇ ಅಣಕಿಸಿ ನಡೆದು ಒದೆ ತಿಂದಿದ್ದೀನಿ, ಸುಳ್ಳು, ಒದ್ದಿದ್ದು ನಿಮ್ಮಮ್ಮ, ನಾನು ಎಲ್ಲಿ ಒದ್ದೆ, ಕಂಬಣ್ಣ ಅಂದ — ಮಂಡಿ ಬಗ್ಗಿಸಿ, ತಲೆ ನೆಟ್ಟಗಿಟ್ಟುಕೊಂಡು — ನನ್ನ ಕೈಯ ಬಟ್ಟೆ ಹಾಗೇ ನಿಂತಿತು. ಹಟವಲ್ಲ. ಅಯ್ಯೋ ದೇವರೇ, ಹಟ ಅಲ್ಲವೇ ಅಲ್ಲ, ಮೂಟೆ ಇದೆ, ಅವನ ತಲೆಯ ಮೇಲೆ ಇನ್ನೂ ಮೂಟೆ ಇದೆ, ತಲೆ ತಗ್ಗಿಸಿದರೆ ಬೀಳುತ್ತದೆ, ನಲವತ್ತು ವರ್ಷ ಬೀಳದ ಹಾಗೆ ಕಾದ ಕುತ್ತಿಗೆಗೆ ಮೂಟೆ ಇಲ್ಲ ಅಂತ ಯಾರು ಹೇಳಿದರು, ಅರ್ಧ ಮೈ ಸತ್ತುಬಿದ್ದರೂ ಈ ಕುತ್ತಿಗೆ ಮಾತ್ರ ತನ್ನ ಕೆಲಸ ಬಿಟ್ಟಿಲ್ಲ, ಅದನ್ನು ಸಹಕರಿಸುವುದಿಲ್ಲ ಅಂತ ಬರೆದೆವಲ್ಲ, ಇಷ್ಟು ಸಹಕರಿಸುವ ಕುತ್ತಿಗೆ ಈ ಇಡೀ ಆಸ್ಪತ್ರೆಯಲ್ಲಿ ಬೇರೆ ಯಾರಿಗಿದೆ.

ಅಣ್ಣಾ, ಮೂಟೆ ಇಳಿಸೋದು ಹೇಗೆ. ನನ್ನ ಬಾಯಿಂದಲೇ ಬಂತು ಆ ಮಾತು, ಅವನು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ, ಏನಂದೆ, ಮೂಟೆ ಅಣ್ಣಾ, ತಲೆ ಮೇಲಿಂದ ಇಳಿಸ್ತಿದ್ರಲ್ಲ, ಹೇಗೆ, ಓಹೋ, ಬಾಯಿಲ್ಲದ ತಾಯಿ ಇವತ್ತು ಬಾಯಿ ಬಿಟ್ಟಳಪ್ಪಾ, ಎತ್ತೋದು ಹೇಗೆ ಅಂತ ಎಲ್ರೂ ಕೇಳ್ತಾರೆ, ಇಳಿಸೋದನ್ನ ಯಾರೂ ಕೇಳಲ್ಲ, ಇಳಿಸೋದೇ ಕಸುಬು, ಎತ್ತೋಕೆ ಇಬ್ಬರು ಕೈ ಕೊಡ್ತಾರೆ, ಇಳಿಸುವಾಗ ನೀನೊಬ್ಬನೇ, ಗೋದಾಮಿನ ಕಟ್ಟೆ ಇರುತ್ತಲ್ಲ, ಎದೆಮಟ್ಟ, ಅದರ ಮುಂದೆ ನಿಲ್ಬೇಕು, ಪಾದ ಒಂಚೂರು ಹಿಂದಕ್ಕೆ ತಗೋಬೇಕು, ಉಸಿರು ಬಿಡ್ಬೇಕು, ಕಟ್ಕೊಂಡ್ರೆ ಕೆಟ್ಟೆ, ಆಮೇಲೆ ತಲೆ ಕೊಡ್ಬೇಕು, ಕೈಯಿಂದ ತಳ್ಳಬಾರ್ದು, ತಲೆ ಕೊಟ್ರೆ ಸಾಕು, ಮೂಟೆ ತಾನೇ ಹೋಗುತ್ತೆ, ಹೋದ ಮೇಲೆ ಅಣ್ಣಾ, ಅಂದೆ, ಹೋದ ಮೇಲೆ ಏನು, ಮೈ ತಾನೇ ಮೇಲಕ್ಕೆ ಬರುತ್ತೆ, ಬೇಡ ಅಂದ್ರೂ ಬರುತ್ತೆ, ತಡೆಯೋಕಾಗಲ್ಲ. ಪಾದ ಹಿಂದಕ್ಕೆ, ಉಸಿರು ಬಿಟ್ಟು, ತಲೆ ಮುಂದಕ್ಕೆ — ಮೇಡಂ ನನಗೆ ಕಲಿಸಿದ ಪಾಠವನ್ನೇ ಅಕ್ಷರ ಬಿಡದೆ ಒಪ್ಪಿಸುತ್ತಿದ್ದಾನೆ, ನನ್ನ ತೋಳಿನ ರೋಮ ನಿಂತಿತು, ಇವನಿಗೆ ಬರುತ್ತದೆ, ನಮಗಿಂತ ಚೆನ್ನಾಗಿ ಬರುತ್ತದೆ, ನಾವೇ ಕೇಳಬಾರದ್ದನ್ನು ಕೇಳುತ್ತಿದ್ದೆವು. ಮಗಳನ್ನು ಮಂಚದ ಆಚೆ, ಅವನ ಬೆನ್ನ ಹಿಂದೆ ನಿಲ್ಲಿಸಿ, ಗಿಡ್ಡ ಸ್ಟೂಲು ಎಳೆದು ಅವನೆದುರು ಕೂತೆ, ನನ್ನ ಬಲಮಂಡಿಯನ್ನು ಅವನ ಎಡಮಂಡಿಗೆ ಒತ್ತಿ ಹಿಡಿದೆ, ಜಾರದ ಹಾಗೆ, ಅವನ ಎಡಗೈ ಹಿಡಿದು ಎಳೆಯಬಾರದು, ಎಳೆದರೆ ಹೆಗಲ ಕೀಲು ಕಳಚುತ್ತದೆ, ಅದನ್ನು ಅವನ ತೊಡೆಯ ಮೇಲೆ ಮಲಗಿಸಿದೆ, ಎರಡು ಕೈಯೂ ಬೆಲ್ಟಿನ ಮೇಲೆ, ಅಣ್ಣಾ, ನನ್ನ ಹೆಗಲೇ ಕಟ್ಟೆ, ಇಳಿಸಿ. ಆ ಹೆಗಲಿನ ಮೇಲಾ, ಮುರಿದುಹೋಗ್ತೀಯ, ಮುರಿಯಲ್ಲ, ಇಳಿಸಿ. ಆಮೇಲೆ ಅವನ ಉಸಿರು ಹೊರಗೆ ಬಂತು, ಉದ್ದವಾಗಿ, ಬೀಡಿ ಬಿಟ್ಟು ಎಷ್ಟೋ ವರ್ಷವಾದರೂ ಎದೆಯಲ್ಲಿ ಉಳಿದ ಸಣ್ಣ ಸಿಳ್ಳಿನೊಂದಿಗೆ, ಗದ್ದ ಇಳಿಯಿತು, ಕುತ್ತಿಗೆಯ ಹಿಂದಿನ ಎರಡು ಹಗ್ಗಗಳು ಸಡಿಲಗೊಂಡವು, ತಲೆ ಬಂತು, ನನ್ನ ಕಡೆ ಬಂತು, ಟವಲು ಜಾರಿ ನನ್ನ ಹೆಗಲ ಮೇಲಿಂದ ಕೆಳಗೆ ಬಿತ್ತು, ಮತ್ತು ನೆತ್ತಿ — ತಲೆ ತೊಳೆಯುವಾಗ ಎರಡು ಸಲ ಸೋಪು ಹಚ್ಚಿದ್ದೇನೆ ಅದಕ್ಕೆ, ಆದರೆ ನೋಡಿರಲಿಲ್ಲ, ಅಂಗೈಯಗಲ ಕೂದಲಿಲ್ಲ, ಮೂಟೆಯ ಕೆಳಗಿಡುವ ಬಟ್ಟೆಯ ಸಿಂಬಿ ಕೂತು ಕೂತು ಸವೆದ ಜಾಗ, ತುಸು ಚಪ್ಪಟೆ, ನಯ, ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ಮಿಂಚಿತು, ಒಂದು ಹಸುಗೂಸಿನ ನೆತ್ತಿಯ ಹಾಗೆ ಅದರ ನಡುವೆ ಸಣ್ಣಗೆ ಏನೋ ಮಿಡಿಯುತ್ತಿತ್ತು, ಅಷ್ಟರಲ್ಲಿ ಹಾಸಿಗೆ ಕಿರ್ರೆಂದಿತು, ನನ್ನ ಕೈಗೆ ಭಾರವೇ ಬರಲಿಲ್ಲ, ಬೆಲ್ಟು ನನ್ನ ಬೆರಳುಗಳನ್ನು ಮೇಲಕ್ಕೆ ಎಳೆದುಕೊಂಡು ಹೋಯಿತು, ನಾನು ಎತ್ತಲಿಲ್ಲ, ನನ್ನನ್ನೇ ಎತ್ತಿದ ಹಾಗೆ, ತಲೆಯೆತ್ತಿ ನೋಡಿದರೆ ಕಂಬಣ್ಣ ನಿಂತಿದ್ದಾನೆ, ಎಷ್ಟು ಎತ್ತರ, ಎಲ್ಲಿದ್ದ ಇಷ್ಟು ದಿನ ಇಷ್ಟು ಎತ್ತರದ ಮನುಷ್ಯ, ಅವನ ಗಂಟಲಿನಿಂದ ಒಂದು ಸದ್ದು ಬಂತು, ಹ, ಅಷ್ಟೇ.

ಹನ್ನೊಂದು. ಕಂಬಣ್ಣ ಮತ್ತೆ ಟವಲು ಸುತ್ತಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಾನೆ, ಮೇಡಂ ಬಾಗಿಲಲ್ಲಿ ಹಾಳೆ ಹಿಡಿದು ನಿಂತಿದ್ದಾರೆ, ಹೂಂ, ಮಗಳು ಮಾಡ್ಲಿ, ನೀವು ಮುಟ್ಟಬೇಡಿ, ಪಕ್ಕದಲ್ಲಿ ಸುಮ್ಮನೆ ಇರಿ, ನನಗೆ ಅಂದರು, ಸುಮ್ಮನಿರುವುದು ನನಗೆ ಹೇಳಿಕೊಡಬೇಕೇ, ಆದರೆ ಇವತ್ತು ಸುಮ್ಮನಿರುವುದೇ ಕಷ್ಟ, ಕೈ ತಾನೇ ಮುಂದೆ ಹೋಗುತ್ತದೆ, ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಮಗಳು ಸ್ಟೂಲಿನ ಮೇಲೆ ಕೂತಳು, ಮಂಡಿಗೆ ಮಂಡಿ, ನಾನು ತೋರಿಸಿದ ಹಾಗೆಯೇ, ಬ್ರೇಕು — ನೋಡಿದಳು, ನಾನು ಹೇಳದೆಯೇ ಕಾಲಿನಿಂದ ಒತ್ತಿ ನೋಡಿದಳು, ಜಾಣೆ, ಬೆಲ್ಟಿನ ಮೇಲೆ ಕೈ, ಬೆರಳು ಬೆಳ್ಳಗಾಗುವಷ್ಟು ಬಿಗಿ, ಅಪ್ಪಾ, ಬಿದ್ರೆ, ಅಂದಳು, ಬಿದ್ರೆ ನೆಲ ಎಲ್ಲಿದೆ ಅಂತ ನನಗೆ ಗೊತ್ತು ಮಗಳೇ, ಮೊನ್ನೆ ನೋಡಿ ಬಂದಿದ್ದೀನಿ, ಅಪ್ಪಾ ತಮಾಷೆ ಬೇಡ, ನನಗೆ ಹೆದರಿಕೆ ಆಗ್ತಿದೆ, ಹೂಂ, ನನಗೂ, ಅಂದ ಕಂಬಣ್ಣ, ಮೆಲ್ಲಗೆ ಅಂದ, ಆ ಮಾತನ್ನು ಅವಳು ಅವನ ಬಾಯಲ್ಲಿ ಹುಟ್ಟಿದಂದಿನಿಂದ ಕೇಳಿರಲಿಲ್ಲ ಅನ್ನುವುದು ಅವಳ ಬೆನ್ನು ನೋಡಿದರೆ ತಿಳಿಯುತ್ತಿತ್ತು, ಒಂದು ಅಂದಳು, ಎರಡು ಅಂದಳು, ಅವನ ಉಸಿರು ಇಳಿಯಿತು, ತಲೆ ಇಳಿಯಿತು, ಟವಲು ಮತ್ತೆ ಜಾರಿತು, ಅವಳ ಮುಖದ ಮುಂದಕ್ಕೆ ಆ ನೆತ್ತಿ ಬಂತು, ಮತ್ತು ಅವಳು ಮೂರು ಅನ್ನಲಿಲ್ಲ. ಮೂರು ಅನ್ನಬೇಕಾದವಳು ಬಾಯಿ ತೆರೆದು ಹಾಗೇ ಇದ್ದಾಳೆ, ಅವಳ ಉಸಿರು ತಗಲುವಷ್ಟು ಹತ್ತಿರ ಅದು, ಸವೆದದ್ದು, ನಯವಾದದ್ದು, ಅವಳ ಶಾಲೆಯ ಚೀಲವೂ ಅದರ ಮೇಲಿಂದಲೇ ಬಂದದ್ದು, ಅವಳ ಅನ್ನವೂ, ಗಿಡ್ಡ ಬಾಗಿಲ ಆ ಮನೆಯೂ, ಯಾವತ್ತೂ ಅಷ್ಟೆತ್ತರದಲ್ಲಿದ್ದದ್ದು, ಟವಲಿನೊಳಗೆ ಇದ್ದದ್ದು, ಮೂವತ್ತು ವರ್ಷದಲ್ಲಿ ಅವಳು ಕಂಡಿರದ್ದು, ಮೇಡಂ ನನ್ನನ್ನು ನೋಡಿದರು, ನಾನು ಕೈ ಬಿಚ್ಚಲಿಲ್ಲ, ಕೆಳಮುಖವಾಗಿ, ನೆಲಕ್ಕೆ ಹೇಳುವ ಹಾಗೆ ಕಂಬಣ್ಣನ ದನಿ, ಏನಮ್ಮಾ, ಇಳಿಸ್ಕೊಂಡ್ಯಾ — ಇಳಿಸ್ಕೊಂಡೆ ಅಪ್ಪಾ.

ಎದ್ದ. ಹಾಸಿಗೆಯಿಂದ ಮೇಲಕ್ಕೆ, ಯಾರೂ ಎತ್ತದೆ, ಮೂರು ಅನ್ನದೆ, ಎದ್ದ, ನಿಂತ, ಮಗಳು ಅವನೊಂದಿಗೇ ಎದ್ದು ಎಡಕ್ಕೆ ಸರಿದಳು, ಒಂದು ಕೈ ಬೆಲ್ಟಿನ ಹಿಂದೆ, ಒಂದು ಎದೆಯ ಮುಂದೆ, ತಡಿ ಅಪ್ಪಾ, ತಲೆ ತಿರುಗ್ತಿದ್ಯಾ, ತುಟಿಯ ಬಣ್ಣ ನೋಡುತ್ತಿದ್ದಾಳೆ, ಇದನ್ನೂ ನಾನೇ ಹೇಳಿದ್ದು, ಯಾವಾಗ ಹೇಳಿದೆನೋ, ತಿರುಗ್ತಿಲ್ಲ, ನಡಿ, ಮಂಚಕ್ಕೆ ಒರಗಿಸಿದ್ದ ಕೋಲನ್ನು ಬಲಗೈಗೆ ತೆಗೆದುಕೊಂಡ, ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಬಲಗಾಲು, ಗಾಲಿಕುರ್ಚಿಯನ್ನು ಅವರ ಹಿಂದೆ ತಳ್ಳುವುದು ನನ್ನ ಕೆಲಸ, ಮಂಡಿ ಸೋತರೆ ಕೂರಿಸುವುದಕ್ಕೆ, ಕೋಲು, ಎಡ, ಬಲ, ಒಂದು, ಎಡಪಾದ ನೆಲ ಉಜ್ಜಿಕೊಂಡು ಬರುತ್ತದೆ, ಬರಲಿ, ಎರಡು, ನಿಧಾನ ಅಪ್ಪಾ, ನಿಧಾನಕ್ಕೆ ಇನ್ನೇನು ನಿಧಾನ ಮಗಳೇ, ಇರುವೆ ಹಿಂದಿಂದ ಬಂದು ದಾಟಿಹೋಯ್ತು, ಮೂರು, ಮೇಡಂ ಹಾಳೆಯನ್ನು ಎದೆಗೊತ್ತಿಕೊಂಡಿದ್ದಾರೆ, ನಾಲ್ಕು, ನಾನು ಪಾದ ನೋಡಬೇಕು, ಪಾದ ನೋಡುವುದಕ್ಕೇ ನನ್ನನ್ನು ಇಲ್ಲಿ ಇಟ್ಟಿದ್ದಾರೆ, ಐದು, ಪಾದದ ಮೇಲೆ ಕಣ್ಣಿದೆ, ಆದರೆ ಕಾಣುತ್ತಿರುವುದು ಪಾದವಲ್ಲ, ಮತ್ತೆ ಅದೇ, ಇಳಿದು ಬರುತ್ತಿರುವ ಅದೇ, ಆರು, ಆರು ಅಂದಳು ಅವಳು, ಅಕ್ಕಾ ಆರು, ಬರೆದುಬಿಡಿ ಮೇಡಂ, ಮನೆಗೆ ಅಂತ ಬರೆದುಬಿಡಿ, ಕೇಳುತ್ತಿದೆ, ಎಲ್ಲ ಕೇಳುತ್ತಿದೆ, ಏಳನೆಯ ಹೆಜ್ಜೆಗೆ ಕೋಲು ಊರಿದ ಸದ್ದೂ ಕೇಳುತ್ತಿದೆ, ಉತ್ತರ ಕೊಡಬೇಕು, ಕುರ್ಚಿ ತಳ್ಳಬೇಕು, ಕೈ ತಳ್ಳುತ್ತಿದೆ, ಆದರೆ ಮನಸ್ಸು ಎಲ್ಲಿ ನಿಂತಿತೋ ಅಲ್ಲೇ, ಬಿಸಿಲಿನಲ್ಲಿ, ಉಸಿರು ಹೊರಗೆ ಹೋದ ಮೇಲೆ ಮೈ ಏಳುವ ಮುನ್ನ, ಬಾಗಿದ್ದು, ಅಂಗೈಯಗಲದ್ದು, ಸವೆದದ್ದು, ನಡುವೆ ಸಣ್ಣಗೆ ಮಿಡಿಯುತ್ತಿದ್ದ ನೆತ್ತಿ, ಆ ನೆತ್ತಿ —